ಬೆಂಗಳೂರು ದಾಟಲು ಲಿಫ್ಟ್: ಯಾವ ರಸ್ತೆಯಲ್ಲಿ ಸಿಗುತ್ತೆ, ಎಲ್ಲಿ ನಿಂತರೆ ಕಾಲು ನೋವಷ್ಟೇ ಲಾಭ

ಅಕ್ಕನ ಮಗ ಬೆಂಗಳೂರಿನಲ್ಲಿ ಕಾಲೇಜು ಸೇರಿ ಮೂರು ತಿಂಗಳಾಗಿತ್ತು. ಒಂದು ಶುಕ್ರವಾರ ಸಂಜೆ ಫೋನ್ ಮಾಡಿದ. "ಮಾಮ, ಗೊರಗುಂಟೆಪಾಳ್ಯದಲ್ಲಿ ನಿಂತು ಒಂದೂವರೆ ಗಂಟೆ ಆಯ್ತು. ಒಂದು ಗಾಡಿನೂ ನಿಲ್ಲಿಸ್ತಿಲ್ಲ."

ನನಗೆ ನಗು ಬಂತು. ಇಪ್ಪತ್ತು ವರ್ಷದ ಹಿಂದೆ ನಾನೂ ಅದೇ ಜಾಗದಲ್ಲಿ, ಅದೇ ಶುಕ್ರವಾರ ಸಂಜೆ, ಹೆಗಲಿಗೊಂದು ಬ್ಯಾಗು ಹಾಕಿಕೊಂಡು ಬೆಪ್ಪನಂತೆ ಕೈ ಚಾಚಿ ನಿಂತಿದ್ದೆ. "ಮೆಟ್ರೋ ಹತ್ತಿ ಮಾದಾವರಕ್ಕೆ ಹೋಗು. ಅಲ್ಲಿಂದ ಬಸ್ಸಿನಲ್ಲಿ ನೆಲಮಂಗಲ ದಾಟು. ಆಮೇಲೆ ಕೈ ಎತ್ತು" ಅಂದೆ. ಒಂಬತ್ತೂವರೆಗೆ ಮತ್ತೆ ಫೋನ್ ಬಂತು. ಈರುಳ್ಳಿ ಇಳಿಸಿ ಖಾಲಿ ವಾಪಸಾಗುತ್ತಿದ್ದ ಕ್ಯಾಂಟರಿನಲ್ಲಿ ಶಿರಾ ತಲುಪಿದ್ದ. ಅವನಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಒಂದು ಕಡೆ ಸೇರಿಸಿ ಬರೆದರೆ ಬೇರೆಯವರಿಗೂ ಆದೀತು ಅನ್ನಿಸಿತು.

ಮೊದಲಿಗೆ ಒಂದು ಮಾತು. ಬೆಂಗಳೂರಿನಿಂದ ಹೊರಗೆ ಹೋಗುವ ರಸ್ತೆಗಳಲ್ಲಿ ಗಾಡಿ ಎಷ್ಟು ಓಡಾಡುತ್ತವೆ ಅನ್ನುವುದಕ್ಕೂ ಲಿಫ್ಟ್ ಎಷ್ಟು ಬೇಗ ಸಿಗುತ್ತದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ನನ್ನ ಅನುಭವದಲ್ಲಿ ರಸ್ತೆ ಅಗಲವಾದಷ್ಟೂ ಲಿಫ್ಟ್ ಅಪರೂಪ. ಗೊರಗುಂಟೆಪಾಳ್ಯದಲ್ಲಿ ನಿಮಿಷಕ್ಕೆ ನೂರು ಗಾಡಿ ಹೋಗುತ್ತವೆ. ಅದರಲ್ಲಿ ತೊಂಬತ್ತು ದಾಸರಹಳ್ಳಿಗೋ ಎಂಟನೇ ಮೈಲಿಗೋ ಹೋಗುವಂಥವು. ಉಳಿದ ಹತ್ತು ಫ್ಲೈಓವರ್ ಹತ್ತಿಬಿಡುತ್ತವೆ, ಮೇಲೆ ನಿಲ್ಲಿಸುವ ಹಾಗಿಲ್ಲ. ನೀವು ನಿಲ್ಲಬೇಕಾದದ್ದು ಊರೊಳಗಿನ ಗಾಡಿಗಳೆಲ್ಲ ತಿರುಗಿಕೊಂಡು, ದೂರ ಹೋಗುವವು ಮಾತ್ರ ಉಳಿಯುವ ಕಡೆ. ಅಲ್ಲೊಂದು ಹಂಪ್ಸೋ ತಿರುವೋ ಟೀ ಅಂಗಡಿಯೋ ಇದ್ದು ಗಾಡಿ ತಾನಾಗೇ ನಿಧಾನವಾಗಬೇಕು. ಗಾಡಿಯನ್ನು ಎಡಕ್ಕೆ ಹಾಕಲು ನಾಲ್ಕು ಮಾರು ಜಾಗವೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಕಾಯುವ ಹೊತ್ತು ಇಮ್ಮಡಿಯಾಗುತ್ತದೆ.

ಊರಂಚಿಗೆ ತಲುಪುವುದು ಹಿಂದೆ ಅರ್ಧ ದಿನದ ಕೆಲಸವಾಗಿತ್ತು. ಈಗ ಮೆಟ್ರೋ ಇದೆ. ತುಮಕೂರು ರಸ್ತೆಗೆ ಮಾದಾವರ (2024ರ ನವೆಂಬರ್‌ನಿಂದ), ಮೈಸೂರು ರಸ್ತೆಗೆ ಚಲ್ಲಘಟ್ಟ (2023), ಕನಕಪುರ ರಸ್ತೆಗೆ ರೇಷ್ಮೆ ಸಂಸ್ಥೆ (2021), ಹೊಸೂರು ರಸ್ತೆಗೆ ಬೊಮ್ಮಸಂದ್ರ (2025ರ ಆಗಸ್ಟ್‌ನಿಂದ). ಹಳೇ ಮದ್ರಾಸ್ ರಸ್ತೆಗೆ ಕೆ.ಆರ್. ಪುರ ನಿಲ್ದಾಣದಲ್ಲಿ ಇಳಿಯಬಹುದು, ಆದರೆ ಅದಿನ್ನೂ ಊರೊಳಗೇ. ಬಳ್ಳಾರಿ ರಸ್ತೆಗೆ ಬಸ್ಸೇ ಗತಿ. ಮೆಟ್ರೋ ಇಳಿದ ಕೂಡಲೇ ಕೈ ಎತ್ತಬೇಡಿ. ಯಾವ ರಸ್ತೆಯಾದರೂ ಅಲ್ಲಿಂದಾಚೆಗೆ ಇನ್ನೊಂದು ಬಸ್ಸಿನ ಟಿಕೆಟ್ಟಿಗೆ ದುಡ್ಡು ತೆಗೆದಿಟ್ಟಿರಿ.

ತುಮಕೂರು ರಸ್ತೆ

ಎಲ್ಲವನ್ನೂ ತೂಗಿ ನೋಡಿದರೆ ನನ್ನ ಓಟು ಇದಕ್ಕೆ. ನಾನು ಹಿರಿಯೂರು ಕಡೆಯವನು, ಪಕ್ಷಪಾತ ಇದ್ದೀತು. ಆದರೆ ಕಾರಣಗಳೂ ಇವೆ. ಹಳೇ ಎನ್‌ಎಚ್ 4, ಈಗಿನ 48. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಆಚೆಗೆ ಪುಣೆ, ಮುಂಬೈ. ದೂರ ಹೋಗುವ ಲಾರಿಗಳು ಇಷ್ಟೊಂದು ಸಂಖ್ಯೆಯಲ್ಲಿ ಬೇರೆ ಯಾವ ಕಡೆ ಹೊರಟರೂ ಸಿಗುವುದಿಲ್ಲ. ಅಗಲವಾದ ರಸ್ತೆಯಲ್ಲಿ ಲಿಫ್ಟ್ ಸಿಗದು ಅನ್ನುವ ನನ್ನ ಮಾತಿಗೆ ಇದೊಂದು ಅಪವಾದ. ಅದಕ್ಕೆ ಕಾರಣ ನೆಲಮಂಗಲ.

ನೆಲಮಂಗಲದ ಹತ್ತಿರ ರಸ್ತೆ ಎರಡಾಗುತ್ತದೆ. ನೇರ ತುಮಕೂರಿಗೆ, ಎಡಕ್ಕೆ ಕುಣಿಗಲ್, ಹಾಸನಕ್ಕೆ. ಕವಲು ದಾಟಿ ಸರ್ವಿಸ್ ರೋಡ್ ಹೆದ್ದಾರಿಗೆ ಸೇರುವ ಜಾಗಕ್ಕಿಂತ ಸ್ವಲ್ಪ ಹಿಂದೆ ನಿಂತರೆ, ಕೈ ಅಡ್ಡ ಹಾಕಿದ ಗಾಡಿ ಎಲ್ಲಿಗೆ ಹೋಗುತ್ತದೆ ಅನ್ನುವ ಅನುಮಾನವೇ ಇರುವುದಿಲ್ಲ. ಕವಲಿಗೂ ಮೊದಲು ನಿಲ್ಲುವವರು ಬಹಳ. ಗಾಡಿ ನಿಂತಾಗ ಓಡಿಹೋಗಿ ಕೇಳಿದರೆ "ಹಾಸನ" ಅನ್ನುತ್ತಾನೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಾನೆ. ಅಷ್ಟರಲ್ಲಿ ನಿಮ್ಮ ಗಾಡಿ ಹೋಗಿರುತ್ತದೆ.

ಇನ್ನೂ ಮುಂದೆ ಡಾಬಸ್‌ಪೇಟೆಗೆ ಹೋದರೆ ಇನ್ನೂ ಒಳ್ಳೆಯದು. ದೊಡ್ಡಬಳ್ಳಾಪುರ ಕಡೆಯಿಂದ ಬರುವ ರಸ್ತೆ ಅಲ್ಲಿ ಸೇರುತ್ತದೆ. ಬೆಂಗಳೂರೊಳಗೆ ಬಾರದೆ ಸುತ್ತಿಕೊಂಡು ಹೋಗುವ ಲಾರಿಗಳೂ ಅಲ್ಲೇ ಕೂಡಿಕೊಳ್ಳುತ್ತವೆ. ಕೈಗಾರಿಕಾ ಪ್ರದೇಶ ಇರುವುದರಿಂದ ಶಿಫ್ಟ್ ಮುಗಿಸಿ ತುಮಕೂರಿಗೆ ಹೋಗುವ ಬೈಕುಗಳಿಗೂ ಬರವಿಲ್ಲ. ಶಿವಗಂಗೆ ಬೆಟ್ಟಕ್ಕೆ ಹೋಗಿಬರುವ ಹುಡುಗರೂ ಇರುತ್ತಾರೆ. ಅವರು ನಿಲ್ಲಿಸುತ್ತಾರೆ, ಆದರೆ ಒಂದೇ ಬೈಕಿನಲ್ಲಿ ಆಗಲೇ ಮೂವರು!

ಹಿಂದೆ ಟೋಲ್‌ಗಳು ನಮಗೆ ಚಿನ್ನದ ಗಣಿ ಇದ್ದಂತೆ. ಕ್ಯಾತ್ಸಂದ್ರದ ಟೋಲ್‌ನಲ್ಲಿ ಲಾರಿಗಳು ಸಾಲುಗಟ್ಟಿ, ಚಿಲ್ಲರೆಗೆ ಜಗಳವಾಡುತ್ತ ನಿಂತಿರುತ್ತಿದ್ದವು. ಒಂದೊಂದೇ ಲಾರಿಯ ಬಾಗಿಲ ಹತ್ತಿರ ಹೋಗಿ ಕೇಳಿಕೊಂಡು ಬರಬಹುದಿತ್ತು. ಐದನೆಯದೋ ಆರನೆಯದೋ "ಹತ್ತು" ಅನ್ನುತ್ತಿತ್ತು. 2021ರ ಫೆಬ್ರವರಿಯಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾದ ಮೇಲೆ ಆ ಕಾಲ ಮುಗಿಯಿತು. ಗೇಟ್ ಎದ್ದಿತು, ಗಾಡಿ ಹೊರಟಿತು. ಈಗ ಟೋಲ್ ದಾಟಿ ನೂರಿನ್ನೂರು ಮೀಟರ್ ಆಚೆ, ಡ್ರೈವರುಗಳು ಟೈರು ತಟ್ಟಿ ನೋಡಲು, ನೀರು ಕುಡಿಯಲು ನಿಲ್ಲಿಸುವ ಕಡೆ ಹೋಗಿ ಕೇಳಬೇಕು. ಕಬ್ಬಿಣದ ಸಲಾಕೆಯಲ್ಲಿ ಒಂದೊಂದೇ ಚಕ್ರ ತಟ್ಟುತ್ತ ಸದ್ದು ಕೇಳಿಸಿಕೊಳ್ಳುತ್ತಿರುವ ಡ್ರೈವರನ್ನು ಮಾತ್ರ ತಡೆಯಬೇಡಿ. ಕೊನೆಯ ಚಕ್ರ ಮುಗಿಯಲಿ. ಗಾಳಿ ಇಳಿದ ಟೈರು "ಡಬ್" ಅಂತ ಬೇರೆ ದನಿ ಕೊಡುತ್ತದೆ, ಆ ದನಿಗಾಗಿ ಅವನು ಕಿವಿಗೊಟ್ಟಿರುತ್ತಾನೆ. ಮುಗಿದ ಮೇಲೆ ಅವನೇ ತಲೆಯೆತ್ತಿ "ಎಲ್ಲಿಗೆ?" ಅನ್ನುತ್ತಾನೆ.

ಹಾಸನ ರಸ್ತೆ

ನೆಲಮಂಗಲದಿಂದ ಎಡಕ್ಕೆ ತಿರುಗುವ ಎನ್‌ಎಚ್ 75. ಸೋಲೂರು, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು. ಲಾರಿ ವಿಚಾರದಲ್ಲಿ ತುಮಕೂರು ರಸ್ತೆಗಿಂತ ಒಂದು ಮೆಟ್ಟಿಲು ಕೆಳಗೆ, ಕಾರಿನ ವಿಚಾರದಲ್ಲಿ ಒಂದು ಮೆಟ್ಟಿಲು ಮೇಲೆ. ಶನಿವಾರ ಬೆಳಿಗ್ಗೆ ಸಕಲೇಶಪುರ, ಚಿಕ್ಕಮಗಳೂರು ಕಡೆಗೆ ಹೊರಟ ಕಾರುಗಳು ತುಂಬಿರುತ್ತವೆ, ಅವು ನಿಲ್ಲುವುದಿಲ್ಲ. ನಿಲ್ಲಿಸುವುದು ಒಬ್ಬರೇ ಊರಿಗೆ ಹೋಗುವವರು. ಹಾಸನದಲ್ಲಿ ಅಪ್ಪ ಅಮ್ಮ, ಇಲ್ಲಿ ಕೆಲಸ, ಜೊತೆಗೆ ಮಾತಾಡಲು ಯಾರೂ ಇಲ್ಲ ಅನ್ನುವಂಥವರು. ಅಂಥವರು ಸಿಕ್ಕರೆ ಯಡಿಯೂರಿನಲ್ಲೋ ಬೆಳ್ಳೂರು ಕ್ರಾಸಿನಲ್ಲೋ ಕಾಫಿನೂ ಕೊಡಿಸುತ್ತಾರೆ.

ಮಂಗಳೂರು ಕಡೆಯಿಂದ ರಾತ್ರಿ ಮೀನು ತಂದು ಇಳಿಸಿ, ಬೆಳಿಗ್ಗೆ ಖಾಲಿ ಹೊರಡುವ ಗಾಡಿಗಳು ಸಿಗುತ್ತವೆ. ಬೇಗ ನಿಲ್ಲಿಸುತ್ತಾರೆ, ನೇರ ಕರಾವಳಿಗೆ ಮುಟ್ಟಿಸುತ್ತಾರೆ. ನಾನು ಒಮ್ಮೆ ಉಪ್ಪಿನಂಗಡಿವರೆಗೂ ಹೋದೆ. ಆ ಅಂಗಿಯನ್ನು ಆಮೇಲೆ ಮೂರು ಸಲ ಒಗೆದರೂ ವಾಸನೆ ಹೋಗಲಿಲ್ಲ, ನೆಂಟರ ಮನೆಯ ಬೆಕ್ಕು ಮಾತ್ರ ನನ್ನನ್ನು ಬಿಟ್ಟು ಕದಲಲಿಲ್ಲ.

ಮಳೆಗಾಲದಲ್ಲಿ ಈ ದಾರಿ ಹಿಡಿಯುವ ಮುಂಚೆ ಶಿರಾಡಿ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ. ಗುಡ್ಡ ಕುಸಿದರೆ ಸಂಚಾರ ನಿಲ್ಲಿಸುತ್ತಾರೆ. ಲಾರಿಯವನು ದಿನಗಟ್ಟಲೆ ಕಾಯುತ್ತಾನೆ, ಅವನಿಗೆ ಅದು ಕೆಲಸ. ನಿಮಗೆ ಸಕಲೇಶಪುರದ ಬಸ್‌ಸ್ಟ್ಯಾಂಡೇ ಗತಿ.

ಮೈಸೂರು ರಸ್ತೆ

ಬೇಡ. ಅಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಹೊಸಬರು ಮೊದಲು ಯೋಚಿಸುವುದೇ ಇದನ್ನು.

ಹತ್ತು ಪಥದ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. 119 ಕಿ.ಮೀ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಮಧ್ಯದ ಆರು ಪಥಕ್ಕೆ ಬೇಲಿ ಹಾಕಿದಂತೆ, ಎಲ್ಲೆಂದರಲ್ಲಿ ಹತ್ತಿ ಇಳಿಯುವ ಹಾಗಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಅಲ್ಲಿ ಪ್ರವೇಶವೂ ಇಲ್ಲ. ಕಾರುಗಳು ಗಂಟೆಗೆ ನೂರರ ಮಿತಿಯಲ್ಲಿ ಕ್ಯಾಮೆರಾ ನೋಡಿಕೊಂಡು ಹೋಗುತ್ತಿರುತ್ತವೆ. ಅಲ್ಲಿ ನಿಮ್ಮನ್ನು ಕಂಡು ಬ್ರೇಕ್ ಹಾಕುವವನಿಗೂ ಅಪಾಯ, ಹಿಂದೆ ಬರುವವನಿಗೂ ಅಪಾಯ. ಚನ್ನಪಟ್ಟಣದಲ್ಲಿ ಗೊಂಬೆ ಕೊಳ್ಳಲು, ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲುತ್ತಿದ್ದ ಕಾರುಗಳೇ ಈಗ ನಿಲ್ಲುತ್ತಿಲ್ಲ. ನಿಮಗೆ ನಿಲ್ಲಿಸುತ್ತಾರೆಯೇ?

ಹಟ ಹಿಡಿದರೆ ಒಂದು ದಾರಿ ಇದೆ. ಚಲ್ಲಘಟ್ಟದಲ್ಲಿ ಇಳಿದು ಸರ್ವಿಸ್ ರಸ್ತೆ ಹಿಡಿದು ಬಿಡದಿ, ರಾಮನಗರ, ಚನ್ನಪಟ್ಟಣ ಅಂತ ಊರಿನಿಂದ ಊರಿಗೆ ಬೈಕುಗಳಲ್ಲಿ ಹೋಗುವುದು. ಸಿಗುತ್ತವೆ, ಆದರೆ ತುಂಡು ತುಂಡಾಗಿ. ಮಂಡ್ಯ ಮುಟ್ಟುವಷ್ಟರಲ್ಲಿ ಆರೇಳು ಜನರಿಗೆ ಥ್ಯಾಂಕ್ಸ್ ಹೇಳಿರುತ್ತೀರಿ. ಮೈಸೂರಿಗೆ ಸಾಲುಸಾಲು ರೈಲಿದೆ, ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಹೊತ್ತುಹೊತ್ತಿಗೆ ಬಸ್ಸಿದೆ. ಈ ದಾರಿಯಲ್ಲಿ ಲಿಫ್ಟ್ ಕೇಳುವುದು ಚಟಕ್ಕೆ ಹೊರತು ಪ್ರಯಾಣಕ್ಕಲ್ಲ.

ಕನಕಪುರ ರಸ್ತೆ, ಮಾಗಡಿ ರಸ್ತೆ

ರಸ್ತೆ ಅಗಲವಾದಷ್ಟೂ ಲಿಫ್ಟ್ ಅಪರೂಪ ಅನ್ನುವ ನನ್ನ ಮಾತಿಗೆ ಈಗ ಪುರಾವೆ. ಈ ಎರಡೂ ರಸ್ತೆಗಳಲ್ಲಿ ಗಾಡಿ ಕಡಿಮೆ, ದೂರದ ಲಾರಿ ಇನ್ನೂ ಕಡಿಮೆ. ಆದರೂ ಕಗ್ಗಲೀಪುರ ದಾಟಿ ನಿಂತರೆ ಹತ್ತು ನಿಮಿಷದಲ್ಲಿ ಯಾರೋ ಒಬ್ಬರು ನಿಲ್ಲಿಸುತ್ತಾರೆ. ಬೈಕಿನಲ್ಲಿ ಹಾರೋಹಳ್ಳಿಗೆ ಹೋಗುವ ಮೆಕ್ಯಾನಿಕ್, ರೇಷ್ಮೆಗೂಡು ಮಾರಿ ವಾಪಸಾಗುವ ರೈತ, ಹಾಲಿನ ಕ್ಯಾನ್ ಇಳಿಸಿದ ಪಿಕಪ್. ಅವರು ಆ ದಾರಿಯ ಊರುಗಳವರೇ. ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಅವರಿಗೆ ಗೊತ್ತು. ಅದಕ್ಕೇ ನಿಲ್ಲಿಸುತ್ತಾರೆ. ಆರು ಪಥದಲ್ಲಿ ಹೋಗುವವನಿಗೆ ರಸ್ತೆ ಪಕ್ಕದ ಊರೇ ಕಾಣುವುದಿಲ್ಲ, ಅಲ್ಲಿ ನಿಂತ ಮನುಷ್ಯ ಎಲ್ಲಿಂದ ಕಂಡಾನು?

ಕನಕಪುರ ರಸ್ತೆ ಎನ್‌ಎಚ್ 948. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ, ಆಚೆಗೆ ದಿಂಬಂ ಘಾಟಿ ಇಳಿದು ತಮಿಳುನಾಡಿನ ಸತ್ಯಮಂಗಲ. ಕಾಡಿನ ಆ ಭಾಗದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಸಂಜೆ ಹೊರಟು ಅತ್ತ ದಾಟುವ ಲೆಕ್ಕ ಹಾಕಬೇಡಿ. ಗುಂಡ್ಲುಪೇಟೆ ಆಚೆಯ ಬಂಡೀಪುರದಲ್ಲೂ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗೇಟು ಮುಚ್ಚಿರುತ್ತದೆ.

ಈ ರಸ್ತೆಗೆ ಬಂಗಾರದ ದಿನ ಅಂದರೆ ಅಮಾವಾಸ್ಯೆಯ ಹಿಂದಿನ ದಿನ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಟಾಟಾ ಏಸ್, ಟೆಂಪೋ ಟ್ರಾವೆಲರ್, ಕಾರು, ಬೈಕು ಸಾಲಾಗಿ ಹೋಗುತ್ತವೆ. "ಮಾದಪ್ಪನ ಬೆಟ್ಟಕ್ಕೆ" ಅಂದರೆ ಸಾಕು, ಜಾಗ ಇಲ್ಲದಿದ್ದರೂ ಜಾಗ ಮಾಡುತ್ತಾರೆ. ನೀವು ಕೊಳ್ಳೇಗಾಲದಲ್ಲೇ ಇಳಿಯುವವರಾದರೆ ಮೊದಲೇ ಹೇಳಿ. ಬೆಟ್ಟಕ್ಕೆ ಅಂತ ಹತ್ತಿ ದಾರಿಯಲ್ಲಿ ಇಳಿದವನನ್ನು ಅವರು ನೋಡುವ ನೋಟ ನಾನು ನೋಡಿದ್ದೇನೆ.

ಮಾಗಡಿ ರಸ್ತೆ ಇನ್ನೂ ಚಿಕ್ಕದು. ತಾವರೆಕೆರೆ ದಾಟಿದರೆ ಎಲ್ಲ ಹಳ್ಳಿ. ಮಾಗಡಿ, ಹುಲಿಯೂರುದುರ್ಗದ ಆಚೆಗೆ ಇದು ಉಪಯೋಗವಿಲ್ಲ. ಭಾನುವಾರ ಸಾವನದುರ್ಗ, ಮಂಚನಬೆಲೆ ಕಡೆ ಹೋಗುವ ಚಾರಣಿಗರ ಕಾರು ಸಿಗುತ್ತದೆ. ಚಿಕ್ಕ ದೂರಕ್ಕೆ, ಮೊದಲ ಸಲ ಕೈ ಎತ್ತುವವರಿಗೆ ಇಲ್ಲಿಂದ ಶುರು ಮಾಡಿ ಅಂತ ಹೇಳುತ್ತೇನೆ.

ಹೊಸೂರು ರಸ್ತೆ

ಸಿಲ್ಕ್ ಬೋರ್ಡಿನಲ್ಲಿ ನಿಲ್ಲುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಮುಂದಿನ ಹತ್ತು ಕಿ.ಮೀ. ಎತ್ತರಿಸಿದ ರಸ್ತೆ. ಹಳದಿ ಮೆಟ್ರೋ ಹಿಡಿದು ಬೊಮ್ಮಸಂದ್ರ, ಅಲ್ಲಿಂದ ಬಸ್ಸಿನಲ್ಲಿ ಅತ್ತಿಬೆಲೆ. ಗಡಿಯ ಆಸುಪಾಸಿನಲ್ಲಿ ಲಾರಿಗಳು ನಿಲ್ಲುತ್ತವೆ, ಊಟದ ಹೋಟೆಲುಗಳಿವೆ. ಕೃಷ್ಣಗಿರಿವರೆಗೂ ದಾರಿ ಒಂದೇ, ಅಲ್ಲಿ ಚೆನ್ನೈಗೆ ಒಂದು, ಸೇಲಂ ಕಡೆಗೆ ಒಂದು ಅಂತ ಕವಲಾಗುತ್ತದೆ. ನಾಮಕ್ಕಲ್ ಲಾರಿಗಳ ತವರು, ಹಾಗಾಗಿ ಟಿಎನ್ 28 ನಂಬರಿನ ಗಾಡಿಗಳು ಇಲ್ಲಿ ಧಾರಾಳ. ತಮಿಳಿನಲ್ಲಿ ನಾಲ್ಕು ಮಾತು ಬಂದರೆ ಈ ರಸ್ತೆ ತುಮಕೂರು ರಸ್ತೆಗೆ ಸರಿಸಮ. ಬಾರದಿದ್ದರೆ ಅರ್ಧ. ನನಗೆ ಬರುವುದು "ಅಣ್ಣಾ, ಸೇಲಂ ಪೋಗುಮಾ" ಅಷ್ಟೇ. ಅದಕ್ಕೆ ಅವರು ಕೊಡುವ ಉತ್ತರ ಅರ್ಥವಾಗುವುದಿಲ್ಲ!

ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ

ಹೆಬ್ಬಾಳದಿಂದ ಆಚೆ ಹೋಗುವ ಕಾರುಗಳಲ್ಲಿ ಬಹುಪಾಲು ವಿಮಾನ ನಿಲ್ದಾಣದ ಟ್ಯಾಕ್ಸಿ. ಹಳದಿ ಬೋರ್ಡು ನೋಡಿದ ಕೂಡಲೇ ಕೈ ಇಳಿಸಿಬಿಡಿ. ದೇವನಹಳ್ಳಿ ದಾಟಿ ರಾಣಿ ಕ್ರಾಸಿನ ಆಚೆಗೆ ಬಸ್ಸಿನಲ್ಲೇ ಹೋಗಬೇಕು. ಅಲ್ಲಿಂದ ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಅನಂತಪುರ, ಹೈದರಾಬಾದ್. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೂವು, ತರಕಾರಿ ತಂದ ಪಿಕಪ್ಪುಗಳು ಏಳರಿಂದ ಒಂಬತ್ತರೊಳಗೆ ಚಿಕ್ಕಬಳ್ಳಾಪುರ ಕಡೆಗೆ ಖಾಲಿ ಮರಳುತ್ತವೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಡ್ರೈವರು. ಪಕ್ಕದಲ್ಲಿ ಒಬ್ಬ ಎಚ್ಚರ ಇರುವವನು ಸಿಕ್ಕಿದರೆ ಅವನಿಗೇ ಉಪಕಾರ. ಶನಿವಾರ, ಭಾನುವಾರ ಬೆಳಗಿನ ಜಾವದ ನಂದಿ ಬೆಟ್ಟದ ಕಾರುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೂರ್ಯೋದಯ ತಪ್ಪುತ್ತದೆ ಅಂತ ಅವರು ಯಾರಿಗೂ ನಿಲ್ಲಿಸುವುದಿಲ್ಲ.

ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ದಾಟುವವರೆಗೂ ಏನೂ ಆಗುವುದಿಲ್ಲ. ದಾಟಿದ ಮೇಲೆ ಕೋಲಾರಕ್ಕೆ ಸುಲಭ. ನರಸಾಪುರದ ಕಾರ್ಖಾನೆಗಳಿಗೆ ಹೋಗಿಬರುವ ಬೈಕು, ಕೋಲಾರದ ಟೊಮೆಟೊ ಮಾರುಕಟ್ಟೆಯ ಲಾರಿ ಎರಡೂ ಇವೆ. ಮುಳಬಾಗಿಲು, ನಂಗಲಿ ದಾಟಿದರೆ ಚಿತ್ತೂರು, ತಿರುಪತಿ. ತಿರುಪತಿ ಕಾರುಗಳಲ್ಲಿ ಸಂಸಾರ, ಸಾಮಾನು, ಲಾಡು ತರಲು ಖಾಲಿ ಡಬ್ಬಿ ಎಲ್ಲ ತುಂಬಿರುತ್ತವೆ, ನಿಮಗೆ ಎಲ್ಲಿ ಜಾಗ? ಹೊಸಕೋಟೆಗೆ ನಸುಕಿನಲ್ಲಿ ಬಿರಿಯಾನಿ ತಿನ್ನಲು ಬರುವ ಕಾರುಗಳನ್ನು ಕಂಡು ಒಬ್ಬ ಗೆಳೆಯ ಆಸೆಪಟ್ಟು ಕೈ ಎತ್ತಿದ್ದ. ನಿಲ್ಲಿಸಿದರು. ಹತ್ತಿ ಕೂತ. ಅವರು ಯು ಟರ್ನ್ ಹೊಡೆದು ಇಂದಿರಾನಗರಕ್ಕೆ ಹೊರಟರು.

ಲಾರಿಯೋ, ಕಾರೋ, ಬೈಕೋ

ರಸ್ತೆ ಆರಿಸಿದ ಮೇಲೆ ಗಾಡಿ ಆರಿಸುವುದೂ ನಿಮ್ಮ ಕೈಯಲ್ಲೇ ಇದೆ. ಎಲ್ಲದಕ್ಕೂ ಕೈ ಎತ್ತುವವನಿಗೆ ಯಾವುದೂ ನಿಲ್ಲುವುದಿಲ್ಲ. ನಂಬರ್ ಪ್ಲೇಟ್ ಓದುವುದನ್ನು ರೂಢಿ ಮಾಡಿಕೊಳ್ಳಿ. ಸಂಜೆ ಹೊತ್ತು ನೆಲಮಂಗಲದಲ್ಲಿ ಕೆಎ 16 ಕಂಡರೆ ಅದು ಚಿತ್ರದುರ್ಗದ್ದು, ಮನೆಗೆ ಹೊರಟಿದೆ. ಕೆಎ 06 ತುಮಕೂರು, 64 ಮಧುಗಿರಿ, 44 ತಿಪಟೂರು, 17 ದಾವಣಗೆರೆ, 27 ಹಾವೇರಿ, 25 ಧಾರವಾಡ. ಹಾಸನ ರಸ್ತೆಗೆ 13, 46, 19, 21. ಕನಕಪುರ ರಸ್ತೆಯಲ್ಲಿ 42 ಮತ್ತು 10. ಕೆಎ 52 ಕಂಡರೆ ಹಿಗ್ಗಬೇಡಿ, ಅದು ನೆಲಮಂಗಲದ್ದೇ, ಮುಂದಿನ ತಿರುವಿನಲ್ಲಿ ಮಾಯ. ನಿಮ್ಮ ಜಿಲ್ಲೆಯ ನಂಬರ್ ಬಂದಾಗ ಒಂದು ಹೆಜ್ಜೆ ಮುಂದೆ ಬಂದು ಊರಿನ ಹೆಸರು ಕೂಗಿ. "ಹಿರಿಯೂರ್!" ಅಂದರೆ ಹಿರಿಯೂರಿನವನ ಕಾಲು ತಾನಾಗೇ ಬ್ರೇಕಿನ ಮೇಲೆ ಹೋಗುತ್ತದೆ.

ಲಾರಿ ದೂರಕ್ಕೆ ಒಳ್ಳೆಯದು, ನಿಧಾನ. ತುಂಬಿದ ಲಾರಿಯನ್ನು ಒಮ್ಮೆ ನಿಲ್ಲಿಸಿ ಮತ್ತೆ ಗೇರಿಗೆ ತರುವುದು ಡ್ರೈವರಿಗೆ ಡೀಸೆಲ್ ನಷ್ಟ, ಹಾಗಾಗಿ ಓಡುವ ಲಾರಿಗೆ ಕೈ ಎತ್ತುವುದಕ್ಕಿಂತ ನಿಂತ ಲಾರಿಯ ಡ್ರೈವರನ್ನು ಮಾತಾಡಿಸುವುದು ಲೇಸು. ಯಶವಂತಪುರದ ಎಪಿಎಂಸಿ, ಟ್ರಕ್ ಟರ್ಮಿನಲ್ ಅದಕ್ಕೆ ತಕ್ಕ ಜಾಗ. ಈರುಳ್ಳಿ, ಆಲೂಗಡ್ಡೆ ಇಳಿಸಿದ ಗಾಡಿಗಳು ವಾಪಸ್ ಹೋಗುವ ಹೊತ್ತನ್ನು ಅಲ್ಲಿನ ಹಮಾಲರು ಹೇಳುತ್ತಾರೆ. ಊರೊಳಗೆ ನಿಂತು ಲಿಫ್ಟ್ ಪಡೆಯಲು ನನಗೆ ಗೊತ್ತಿರುವ ಜಾಗ ಅದೊಂದೇ.

ಲಾರಿಯವರು ದುಡ್ಡು ಕೇಳಬಹುದು. ಹತ್ತುವ ಮುಂಚೆಯೇ "ಅಣ್ಣಾ, ಎಷ್ಟು ಕೊಡ್ಲಿ?" ಅಂತ ಕೇಳಿಬಿಡಿ. ಬಸ್ ಚಾರ್ಜಿನ ಅರ್ಧ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ನನಗೆ ಮರೆಯಲಾಗದ ಉತ್ತರ ಒಂದು ಕ್ಯಾಂಟರಿನವರದು. ರಾತ್ರಿ ಹನ್ನೊಂದರ ಮೇಲೆ, ಡಾಬಸ್‌ಪೇಟೆ. ಎಷ್ಟು ಅಂತ ಕೇಳಿದೆ. "ದುಡ್ಡೇನೂ ಬ್ಯಾಡ ಕಣಪ್ಪ. ನಂಗೆ ನಿದ್ದೆ ಬರ್ದಂಗೆ ಮಾತಾಡ್ತಾ ಇರ್ಬೇಕು, ಅದೇ ಚಾರ್ಜು." ಶಿರಾ ಬರುವಷ್ಟರಲ್ಲಿ ನಮ್ಮೂರ ಜಾತ್ರೆ, ಅಜ್ಜನ ಎತ್ತು, ಅಡಿಕೆ ಬೆಲೆ ಎಲ್ಲ ಮುಗಿದು, ಕೊನೆಗೆ ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಶುರು ಮಾಡಿದೆ. ಹದಿನೇಳರಲ್ಲಿ ತಪ್ಪಿದೆ. ಅವರೇ ತಿದ್ದಿದರು.

ಇದನ್ನು ಓದಿ ಲಾರಿಯೇ ಸರಿ ಅಂದುಕೊಳ್ಳುವ ಮುಂಚೆ ಕಾನೂನಿನ ಮಾತೂ ಇರಲಿ. ಸರಕು ಸಾಗಿಸುವ ಗಾಡಿ ಇರುವುದು ಪ್ರಯಾಣಿಕರಿಗಲ್ಲ. ಅಪಘಾತವಾದರೆ ಸರಕು ಗಾಡಿಯಲ್ಲಿ ಪುಕ್ಕಟೆ ಕೂತಿದ್ದವನಿಗೆ ಥರ್ಡ್ ಪಾರ್ಟಿ ವಿಮೆಯ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಇಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಪೊಲೀಸರು ಹಿಡಿದರೆ ದಂಡ ಬೀಳುವುದು ಡ್ರೈವರಿಗೆ. ಹಿಂದಿನ ಬಾಡಿಯಲ್ಲಿ, ಲೋಡಿನ ಮೇಲೆ ಕೂರಲು ಹೇಳಿದರೆ ಕೈ ಮುಗಿದು ಬೇರೆ ಗಾಡಿ ನೋಡಿ.

ಕಾರು ಬೇಗ ಮುಟ್ಟಿಸುತ್ತದೆ, ಅಪರೂಪಕ್ಕೆ ನಿಲ್ಲುತ್ತದೆ. ಒಬ್ಬರೇ ಇರುವ, ಸ್ವಲ್ಪ ಹಳೆಯ, ಧೂಳು ಹಿಡಿದ ಕಾರಿಗೆ ಕೈ ಎತ್ತಿ. ಹೊಳೆಯುವ ಕಾರಿಗೆ ಎತ್ತಿ ಸುಸ್ತಾಗುವುದು ಬೇಡ. ನಿಮ್ಮ ಬ್ಯಾಗು ಚಿಕ್ಕದಿರಲಿ, ಮುಖ ಕಾಣಲಿ, ಕಪ್ಪು ಕನ್ನಡಕ ಜೇಬಿಗೆ ಹೋಗಲಿ.

ಬೈಕಿನ ವಿಚಾರಕ್ಕೆ ಒಂದೇ ಗುಟ್ಟು: ನಿಮ್ಮದೇ ಹೆಲ್ಮೆಟ್. ಹಿಂಬದಿ ಸವಾರರಿಗೂ ಹೆಲ್ಮೆಟ್ ಕರ್ನಾಟಕದಲ್ಲಿ 2016ರಿಂದ ಕಡ್ಡಾಯ. ಬರಿಗೈಯಲ್ಲಿ ನಿಂತವನನ್ನು ಕಂಡರೆ ಬೈಕಿನವನ ತಲೆಯಲ್ಲಿ ಮೊದಲು ಬರುವುದು ಮುಂದಿನ ಸರ್ಕಲ್ಲಿನ ಪೊಲೀಸು. ಕೈಯಲ್ಲಿ ಹೆಲ್ಮೆಟ್ ತೂಗುಹಾಕಿಕೊಂಡು ನಿಂತವನು ಬೇರೆಯೇ ಜಾತಿ. ಅವನ ಬೈಕು ಎಲ್ಲೋ ಕೆಟ್ಟಿದೆ ಪಾಪ, ಅನ್ನಿಸುತ್ತದೆ. ಅಕ್ಕನ ಮಗನಿಗೆ ನಾನು ಕೊಡಿಸಿದ ಮೊದಲ ಸಾಮಾನು ಅದೇ, ಐಎಸ್‌ಐ ಗುರುತಿನ ಒಂದು ಹೆಲ್ಮೆಟ್. ಅವನ ಹತ್ತಿರ ಬೈಕಿಲ್ಲ.

ಹೆಣ್ಣುಮಕ್ಕಳಿಗೆ

ನಾನು ಗಂಡಸು, ಕನ್ನಡ ಮಾತಾಡುವವನು, ನಲವತ್ತು ದಾಟಿದವನು. ನನ್ನ ಅನುಭವ ಎಲ್ಲರದೂ ಅಲ್ಲ. ಒಬ್ಬಳೇ ಹೊರಡುವ ಹುಡುಗಿಗೆ ಹೆದ್ದಾರಿಯಲ್ಲಿ ಕೈ ಎತ್ತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೇಳುವ ಅಗತ್ಯವೂ ಕಡಿಮೆಯಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡೇ ಇಲ್ಲ. ರಾಜಹಂಸ, ಐರಾವತಗಳಿಗೆ ಅದು ಅನ್ವಯಿಸುವುದಿಲ್ಲ, ಗಡಿಯಾಚೆಗೂ ಇಲ್ಲ. ಹುಬ್ಬಳ್ಳಿವರೆಗೂ ಪುಕ್ಕಟೆ ಸೀಟು ಇರುವಾಗ ನೆಲಮಂಗಲದ ಧೂಳಿನಲ್ಲಿ ನಿಲ್ಲುವುದೇಕೆ? ಸಾಹಸಕ್ಕೇ ಹೊರಡುವವರಾದರೆ ಇಬ್ಬರಿರಿ, ಹಗಲಿರಲಿ, ಗಾಡಿ ನಂಬರಿನ ಫೋಟೋ ಮನೆಯವರಿಗೆ ಹೋಗಿದೆ ಅಂತ ಡ್ರೈವರಿಗೆ ಗೊತ್ತಾಗುವ ಹಾಗೆ ಕಳಿಸಿ. ತುರ್ತು ನಂಬರ್ 112. ಫೋಟೋ ಕಳಿಸುವ ಕೆಲಸವನ್ನು ಗಂಡಸರೂ ಮಾಡಬೇಕು. ನಾನು ಈಗಲೂ ಮಾಡುತ್ತೇನೆ.

ಯಾವಾಗ ಹೊರಡಬೇಕು

ಬೆಳಿಗ್ಗೆ ಆರರಿಂದ ಒಂಬತ್ತು ಎಲ್ಲ ರಸ್ತೆಗೂ ಒಳ್ಳೆಯದು. ರಾತ್ರಿ ಸರಕು ಇಳಿಸಿದ ಗಾಡಿಗಳು ಖಾಲಿಯಾಗಿ ಊರು ಬಿಡುವ ಹೊತ್ತು ಅದು. ಹಗಲಲ್ಲಿ ದೊಡ್ಡ ಲಾರಿಗಳಿಗೆ ನಗರದೊಳಗೆ ನಿರ್ಬಂಧ ಇರುವುದರಿಂದ ಮಧ್ಯಾಹ್ನ ಹೊರ ಹೋಗುವ ಲಾರಿ ಕಡಿಮೆ. ಶುಕ್ರವಾರ ಸಂಜೆ ಗಾಡಿ ಸಾಗರದಂತೆ ಇರುತ್ತದೆ, ಒಂದೂ ನಿಲ್ಲುವುದಿಲ್ಲ. ಎಲ್ಲರಿಗೂ ಟ್ರಾಫಿಕ್ಕಿನಿಂದ ತಲೆ ಕೆಟ್ಟಿರುತ್ತದೆ. ಯುಗಾದಿ, ಗೌರಿ ಗಣೇಶ, ದೀಪಾವಳಿಯ ಹಿಂದಿನ ದಿನ ಮಾತ್ರ ಬೇರೆ ಲೆಕ್ಕ. ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಹಬ್ಬಕ್ಕೆ ಊರಿಗೆ ಹೊರಟವನಿಗೆ ಊರಿಗೆ ಹೊರಟ ಇನ್ನೊಬ್ಬನನ್ನು ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ.

ಕತ್ತಲಾದ ಮೇಲೆ ಹೊಸದಾಗಿ ಶುರು ಮಾಡಬೇಡಿ. ಬೆಳಕಿರುವ ಟೀ ಅಂಗಡಿ, ಪೆಟ್ರೋಲ್ ಬಂಕ್ ಬಿಟ್ಟು ಕದಲಬೇಡಿ. ನಾನು ಹಾಕಿಕೊಂಡಿರುವ ಗಡುವು ಒಂದು ಗಂಟೆ. ಮೂರು ಕಡೆ ಜಾಗ ಬದಲಿಸಿ ನೋಡಿಯೂ ಗಂಟೆಯೊಳಗೆ ಸಿಗದಿದ್ದರೆ ಬಂದ ಮೊದಲ ಕೆಂಪು ಬಸ್ಸಿಗೆ ಕೈ ಅಡ್ಡ ಹಾಕುತ್ತೇನೆ. ಕಳೆದ ತಿಂಗಳು ಹಾಗೇ ಆಯಿತು. ಸ್ಟಾಪು ಅಲ್ಲದ ಜಾಗ, ಆದರೂ ಡ್ರೈವರು ನಿಲ್ಲಿಸಿದರು. ಕಂಡಕ್ಟರು ನನ್ನ ಕೈಯಲ್ಲಿದ್ದ ಹೆಲ್ಮೆಟ್ ನೋಡಿ, "ಏನ್ ಸಾರ್, ಗಾಡಿ ಕೈಕೊಡ್ತಾ?" ಅಂದರು. ಹೂಂ ಅಂದು ಶಿರಾಕ್ಕೆ ಟಿಕೆಟ್ ತಗೊಂಡೆ.